ಅಜ್ಜಿ ಯಾಕೆ ಟಾಕೀಸಿಗೆ ಹೋಗಲ್ಲ?

ಹೋದ ವಾರ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಸುದ್ದಿ ಬಂತು. ಭಾನುವಾರ ಮಧ್ಯಾಹ್ನ ಸ್ಟುಟ್‌ಗಾರ್ಟಿನಲ್ಲಿ ಕನ್ನಡ ಸಿನಿಮಾ, ಒಂದೇ ಆಟ. ದೊಡ್ಡ ಹೀರೋ ಯಾರೂ ಇಲ್ಲ. ನಾವಿರುವ ಕಡೆಯಿಂದ ರೈಲಿನಲ್ಲಿ ಒಂದು ಗಂಟೆ. ಮಗಳಿಗೆ ಒಂಬತ್ತು ವರ್ಷ. ಜರ್ಮನಿಯಲ್ಲಿ ವಯಸ್ಸಿನ ನಿಯಮ ಬಿಗಿ. 12 ಅಂತ ಗುರುತಿದ್ದರೆ 6 ತುಂಬಿದ ಮಗು ಅಪ್ಪ ಅಮ್ಮನ ಜೊತೆ ಹೋಗಬಹುದು. 16 ಅಂತಿದ್ದರೆ ನಾವು ಜೊತೆಗಿದ್ದರೂ ಬಿಡುವುದಿಲ್ಲ. ಇದಕ್ಕೆ 12 ಅಂತಿತ್ತು. ಹೋಗೋದಾ, ಬೇಡ್ವಾ? ಮಂಡ್ಯಕ್ಕೆ ಫೋನ್ ಮಾಡಿದೆ. ಅಲ್ಲಿ ಬಿಡುಗಡೆಯಾಗಿ ಹತ್ತು ದಿನ ಆಗಿತ್ತು.

"ಹೆಂಗೈತಂತೆ ಅವ್ವಾ, ಸಿನಿಮಾ?"

"ಯಾರ್ ನೋಡವ್ರೆ ಮಗ? ಮೊಬೈಲ್ಗೆ ಬತ್ತದಲ್ಲ, ಆಗ ನೋಡುದ್ರಾಯ್ತು ಬುಡು" ಅಂದಳು ಅವ್ವ.

ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ ಮಗಳು ತಲೆ ಎತ್ತಿದಳು. "ಅಮ್ಮಾ, ಅಲ್ಲಿ ದಿನಾ ನಾಲ್ಕು ಆಟ ಅಂತ ನೀನೇ ಹೇಳಿದ್ದೆ. ಅಷ್ಟಿದ್ರೂ ಅಜ್ಜಿ ಹೋಗಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಆ ಮಾತು ರಾತ್ರಿಯವರೆಗೂ ಕೊರೆಯುತ್ತಲೇ ಇತ್ತು.

ಯಾಕಂದ್ರೆ ಇದೇ ಅವ್ವ, ಅಪ್ಪನ ಜೊತೆ ತಿಂಗಳಿಗೆ ಎರಡು ಸಿನಿಮಾ ತಪ್ಪದೆ ನೋಡುತ್ತಿದ್ದವಳು. ಅಪ್ಪ ಸಕ್ಕರೆ ಫ್ಯಾಕ್ಟರಿಯಲ್ಲಿದ್ದ. ಶಿಫ್ಟ್ ಮುಗಿಸಿ ಬರುವಾಗ ಸಂಜಯ ಟಾಕೀಸಿನ ಹತ್ತಿರ ಸೈಕಲ್ ನಿಲ್ಲಿಸಿಕೊಂಡು, ಮ್ಯಾಟ್ನಿ ಬಿಡುವುದನ್ನೇ ಕಾಯುತ್ತಿದ್ದ. ಎಷ್ಟೋ ಸಲ ನಾನೂ ಮುಂದಿನ ಕಂಬಿ ಮೇಲೆ ಕೂತಿರುತ್ತಿದ್ದೆ. ಯಾರನ್ನೂ ಏನೂ ಕೇಳುತ್ತಿರಲಿಲ್ಲ. "ಬಾಯಿ ಕೇಳ್ಬೇಡ ಮಗ, ಕಾಲು ನೋಡು" ಅನ್ನುತ್ತಿದ್ದ. ಜನ ಬಂದವರೇ ಟೋಕನ್ ಕೊಟ್ಟು, ಸೈಕಲ್ ಎಳೆದುಕೊಂಡು ಹೊರಟರೆ ಸಿನಿಮಾ ಸುಮಾರು. ಟೋಕನ್ ಕೈಯಲ್ಲೇ ಹಿಡಿದು, ಸ್ಟ್ಯಾಂಡಿನಲ್ಲೇ ನಿಂತು ಮಾತಾಡುತ್ತಿದ್ದರೆ ಅವತ್ತೇ ಮನೆಗೆ ಬಂದು, "ಬೇಗ ಅನ್ನಕ್ಕಿಡು, ಫಸ್ಟ್ ಶೋಗೆ ಹೋಗವ" ಅನ್ನುತ್ತಿದ್ದ. ಆ ಟೋಕನ್ ತಗಡಿನದು, ಅಂಚು ಸವೆದು ನಂಬರ್ ಅರ್ಧ ಅಳಿಸಿಹೋಗಿರುತ್ತಿತ್ತು. ಅಪ್ಪನ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ಈಗ ಶುಕ್ರವಾರ ಮಧ್ಯಾಹ್ನದೊಳಗೆ ಸ್ಟಾರು, ರೇಟಿಂಗು, ವಿಡಿಯೋ ಎಲ್ಲಾ ಬಂದುಬಿಡುತ್ತವೆ. ಯಾವುದು ಮನಸಾರೆ ಹೇಳಿದ್ದು, ಯಾವುದು ದುಡ್ಡಿಗೆ ಹೇಳಿದ್ದು ಅಂತ ಇಷ್ಟು ದೂರದಿಂದ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಊರಿಗೆ ಫೋನ್ ಮಾಡುವುದು. ಊರಿನವರೇ ನೋಡದಿದ್ದರೆ ಯಾರನ್ನು ಕೇಳಲಿ?

ನಮ್ಮ ಎದುರು ಮನೆ ಅಜ್ಜಿ ಸೋಮವಾರ ರಾತ್ರಿ ಇಲ್ಲಿನ ಪುಟ್ಟ ಥಿಯೇಟರಿಗೆ ಹೋಗುತ್ತಾರೆ. ಜರ್ಮನಿಯಲ್ಲಿ 'ಸ್ನೀಕ್ ಪ್ರಿವ್ಯೂ' ಅಂತ ಒಂದು ಪದ್ಧತಿ ಇದೆ. ಟಿಕೆಟ್ ಕಡಿಮೆ, ಆದರೆ ಯಾವ ಸಿನಿಮಾ ಅಂತ ಪರದೆ ಮೇಲೆ ಬರುವವರೆಗೂ ಹೇಳುವುದಿಲ್ಲ. ಹೆಸರೇ ಗೊತ್ತಿಲ್ಲದ ಸಿನಿಮಾಕ್ಕೆ ಆ ವಯಸ್ಸಿನಲ್ಲಿ ಕೋಟು ಹಾಕಿಕೊಂಡು ಹೊರಡುವುದನ್ನು ಕಂಡಾಗಲೆಲ್ಲ ಅವ್ವನ ನೆನಪಾಗುತ್ತದೆ.

ಅವ್ವನನ್ನು ಬಯ್ಯುತ್ತಿಲ್ಲ. ಮಂಡಿ ನೋವು, ಒಬ್ಬಳೇ ಹೋಗಬೇಕು, ಅಪ್ಪ ಇಲ್ಲ. ಆದರೆ ನನ್ನ ಓರಗೆಯವರೂ ಅದೇ ಮಾತಾಡುತ್ತಾರೆ, ಬೇಜಾರು ಅದಕ್ಕೆ. ಮೈಸೂರಿನ ಚಿಕ್ಕಮ್ಮನ ಮನೆಗೆ ಹೋದಾಗೆಲ್ಲ ಸಿನಿಮಾ ನೋಡುತ್ತಿದ್ದ ಶಾಂತಲಾ ಟಾಕೀಸು 2020ರಲ್ಲಿ ಮುಚ್ಚಿತು. ಮುಚ್ಚಿದ ದಿನ ಎಲ್ಲರೂ ಸ್ಟೇಟಸ್ ಹಾಕಿದರು. ಅದೇ ಜನ ಮನಸ್ಸು ಮಾಡಿದರೆ ಏನಾಗುತ್ತದೆ ಅಂತಲೂ ನೋಡಿದ್ದೇವಲ್ಲ. 2025ರ ಜುಲೈ 25ಕ್ಕೆ ಬಂದ 'ಸು ಫ್ರಮ್ ಸೋ' ಸಿನಿಮಾದಲ್ಲಿ ಯಾವ ಸೂಪರ್‌ಸ್ಟಾರ್ ಇದ್ದ? ನೋಡಿದವರು ಪಕ್ಕದವರಿಗೆ ಹೇಳಿದರು, ಅಷ್ಟೇ. ಶೋಗಳು ಜಾಸ್ತಿಯಾಗುತ್ತಾ ಹೋದವು.

ಭಾನುವಾರ ಹೋದೆವು, ಯಾರನ್ನೂ ಕೇಳದೆ. ಸಿನಿಮಾ ಮುಗಿದು ಹೊರಗೆ ಬಂದಾಗ ಸಣ್ಣ ಮಳೆ, ಚಳಿ. ಆದರೂ ನಲವತ್ತು ಐವತ್ತು ಜನ ಸೈಕಲ್ ಸ್ಟ್ಯಾಂಡಿನ ಸೂರಿನಡಿ ನಿಂತು ಒಂದೇ ಸಮನೆ ಮಾತಾಡುತ್ತಿದ್ದರು. ಒಬ್ಬರು ಬೀಗದ ಕೈ ಹಿಡಿದುಕೊಂಡೇ ಕ್ಲೈಮ್ಯಾಕ್ಸ್ ವಿವರಿಸುತ್ತಿದ್ದರು. ಎರಡು ರೈಲು ಬಿಟ್ಟೆವು.

ರಾತ್ರಿ ಮಗಳೇ ಫೋನ್ ಹಚ್ಚಿದಳು. "ಅಜ್ಜಿ, ಸಿನಿಮಾ ಬಿಟ್ಮೇಲೂ ಯಾರೂ ಮನೆಗೇ ಹೋಗ್ಲಿಲ್ಲ!"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವ್ವ ಕೇಳಿದಳು, "ಯಾವ್ ಟಾಕೀಸ್ಲಿ ಹಾಕವ್ರಂತೆ ಇಲ್ಲಿ, ವಸಿ ನೋಡೇಳು ನಿಮ್ಮಮ್ಮಂಗೆ."