ಹಿಮ ನೋಡಲು ಮನಾಲಿಗೆ ಹೊರಟವರು ಕ್ಯಾಲೆಂಡರ್ ನೋಡಬೇಡಿ, ಬೆಟ್ಟ ನೋಡಿ

ಊಟಿ ಮನಾಲಿಗಿಂತ ಎತ್ತರದಲ್ಲಿದೆ. ಊಟಿ ಸುಮಾರು 7,350 ಅಡಿ, ಮನಾಲಿ ಸುಮಾರು 6,700 ಅಡಿ. ಆದರೂ ಊಟಿಯಲ್ಲಿ ಹಿಮ ಬೀಳುವುದಿಲ್ಲ, ಮನಾಲಿಯಲ್ಲಿ ಬೀಳುತ್ತದೆ. ಯಾಕೆ ಅನ್ನುವುದನ್ನು ಸ್ವಲ್ಪ ತಿಳಿದುಕೊಂಡು ಹೊರಟರೆ ದುಡ್ಡೂ ಉಳಿಯುತ್ತದೆ, ನಿರಾಸೆಯೂ ತಪ್ಪುತ್ತದೆ. ಮಂಡ್ಯ, ಮೈಸೂರು ಕಡೆಯಿಂದ ಈಗ ಎಷ್ಟೋ ಜನ ‘ಹಿಮ ಗ್ಯಾರಂಟಿ’ ಎಂದು ಬರೆದ ಪ್ಯಾಕೇಜ್ ನಂಬಿ ದುಡ್ಡು ಕಟ್ಟುತ್ತಿದ್ದಾರೆ. ಹಿಮಕ್ಕೆ ಗ್ಯಾರಂಟಿ ಕೊಡೋಕೆ ಯಾರ ಕೈಲೂ ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಹೊರಟಿದ್ದು ಸಂಕ್ರಾಂತಿ ಮುಗಿಸಿಕೊಂಡು. ಮಂಡ್ಯದಿಂದ ನಾನು, ನನ್ನ ಹೆಂಡತಿ. ಮೈಸೂರಿನಿಂದ ಅಕ್ಕ, ಭಾವ, ಅವರ ಮಗಳು. ಕ್ರಿಸ್‌ಮಸ್ ರಜೆಗೇ ಹೋಗೋಣ ಎಂದು ಅಕ್ಕನ ಮಗಳು ಹಟ ಹಿಡಿದಿದ್ದಳು. ನಾನು ಒಪ್ಪಲಿಲ್ಲ. ಚಳಿ, ಗಟ್ಟಿ ಹಾಸಿಗೆ, ತಣ್ಣೀರು ಎಲ್ಲವನ್ನೂ ನಾನು ತಡೆದುಕೊಳ್ಳುತ್ತೇನೆ, ಜನಜಂಗುಳಿಯನ್ನು ಮಾತ್ರ ತಡೆಯಲಾರೆ. ದಸರಾ ಜಂಬೂಸವಾರಿಯನ್ನೂ ಮನೆಯಲ್ಲಿ ಟಿವಿಯಲ್ಲೇ ನೋಡುತ್ತೇನೆ. ನನ್ನ ಸಲಹೆಗಳನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ. ಕ್ರಿಸ್‌ಮಸ್, ಹೊಸ ವರ್ಷದ ಸಮಯದಲ್ಲಿ ಮನಾಲಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮನಾಲಿಯ ಮೇಲಿರುವ ಸೋಲಾಂಗ್ ಕಣಿವೆ ಮತ್ತು ಅದರಾಚೆ ಬೆಟ್ಟ ಕೊರೆದು ಮಾಡಿದ ಅಟಲ್ ಸುರಂಗದ ನಡುವೆ ಹಿಮ ಬಿದ್ದು ನೂರಾರು ವಾಹನಗಳು ರಾತ್ರಿ ಹೊತ್ತು ಸಿಕ್ಕಿಕೊಂಡಿದ್ದವು.

ಜನಜಂಗುಳಿಯ ಮಾತು ಬಿಟ್ಟರೂ ಡಿಸೆಂಬರ್ ಅಷ್ಟು ನಂಬಿಕೆಯ ತಿಂಗಳಲ್ಲ. ಅಲ್ಲಿಗೆ ಚಳಿಗಾಲದ ಹಿಮ ತರುವುದು ನಮ್ಮ ಮುಂಗಾರಿನಂಥ ಗಾಳಿಯಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಪೂರ್ವಕ್ಕೆ ಬರುವ ವಾಯುಭಾರ ಕುಸಿತಗಳು ಅದನ್ನು ತರುತ್ತವೆ. ಹವಾಮಾನ ಇಲಾಖೆಯವರು ಇದಕ್ಕೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಬಿಟ್ಟು ಬಿಟ್ಟು ಬರುತ್ತವೆ. ಒಂದು ಬಂದು ಹೋದ ಮೇಲೆ ಇನ್ನೊಂದು ಬರುವವರೆಗೆ ಬರೀ ಬಿಸಿಲು, ಒಣ ಚಳಿ. ಜನವರಿ, ಫೆಬ್ರವರಿಯಲ್ಲಿ ಇವುಗಳ ಜೋರು ಜಾಸ್ತಿ. ಅಷ್ಟು ದೂರ ದಕ್ಷಿಣದಲ್ಲಿರುವ ಊಟಿಯನ್ನು ಇವು ತಲುಪುವುದೇ ಇಲ್ಲ. ಜೊತೆಗೆ ಊಟಿ ಇರುವುದು 11 ಡಿಗ್ರಿ ಅಕ್ಷಾಂಶದಲ್ಲಿ, ಮನಾಲಿ 32ರಲ್ಲಿ. ಎತ್ತರ ಎಷ್ಟಿದ್ದರೇನು, ಊಟಿಯಲ್ಲಿ ಮೋಡ ಕಟ್ಟಿದಾಗ ಅಷ್ಟು ಚಳಿ ಇರುವುದಿಲ್ಲ.

ಗಾಳಿ ಬಂದರೆ ಸಾಲದು, ಅದನ್ನು ಮೇಲಕ್ಕೆ ಎತ್ತುವ ಬೆಟ್ಟ ಬೇಕು. ಮನಾಲಿಯ ತಲೆಯ ಮೇಲೆ ಪೀರ್ ಪಂಜಾಲ್ ಸಾಲು ನಿಂತಿದೆ. ತೇವದ ಗಾಳಿ ಅದಕ್ಕೆ ಬಡಿದು ಏರುತ್ತದೆ. ಏರಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ಅದರಲ್ಲಿದ್ದ ಆವಿ ಮೋಡವಾಗಿ ಅಲ್ಲೇ ಸುರಿಯುತ್ತದೆ. ಬೆಟ್ಟದ ಆಚೆ ಬದಿಗೆ ಇಳಿಯುವ ಹೊತ್ತಿಗೆ ಗಾಳಿ ಒಣಗಿರುತ್ತದೆ. ಕಾವೇರಿ ನೀರು ಕುಡಿಯುವ ನಮಗೆ ಇದು ಹೊಸ ವಿಷಯವಲ್ಲ. ಅರಬ್ಬೀ ಸಮುದ್ರದ ಗಾಳಿ ಕೊಡಗಿನ ಬೆಟ್ಟ ಏರುವಾಗ ಭಾಗಮಂಡಲದಲ್ಲಿ ಸುರಿದು ಬಿಡುತ್ತದೆ. ಹುಣಸೂರು ದಾಟಿ ಮಂಡ್ಯಕ್ಕೆ ಬರುವಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ನಮಗೆ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್, ಅವರಿಗೆ ಅದರ ಹಲವು ಪಟ್ಟು. ಮನಾಲಿಯಲ್ಲಿ ನಡೆಯುವುದೂ ಇದೇ ಕೆಲಸ. ಅಲ್ಲಿ ಸುರಿಯುವುದು ಹಿಮ, ಅಷ್ಟೇ.

ಇನ್ನು ದೆಹಲಿಯಿಂದ ಹೊರಟ ಬಸ್ಸು. ಟಿಕೆಟ್‌ನಲ್ಲಿ ವೋಲ್ವೋ, ಹೀಟರ್, ಮನಾಲಿವರೆಗೆ ಎಂದಿತ್ತು. ಬಂದದ್ದು ಬೇರೆಯೇ ಬಸ್ಸು. ನಮ್ಮ ಸೀಟಿನ ಪಕ್ಕದ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ, ಸಂದಿಗೆ ಯಾರೋ ಹಳೇ ಪೇಪರ್ ತುರುಕಿದ್ದರು. ಹೀಟರ್ ಹಾಕಿ ಎಂದರೆ ಬೆಟ್ಟ ಹತ್ತುವಾಗ ಹಾಕುತ್ತೇವೆ ಅಂದರು, ಬೆಟ್ಟ ಹತ್ತುವಾಗ ಕೇಳಿದರೆ ಮಾತೇ ಆಡಲಿಲ್ಲ. ಭಾವನಿಗೆ ಮೊದಲೇ ಮಂಡಿನೋವು. ಕಾಲು ಚಾಚಲು ಜಾಗವಿಲ್ಲದೆ ರಾತ್ರಿಯಿಡೀ ನಿಂತು ಕೂತು ಮಾಡಿದರು. ಹರಿಯಾಣದಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು, ಲಾರಿ ಕಾಣುತ್ತಿರಲಿಲ್ಲ. ಪಶ್ಚಿಮದ ಆ ಗಾಳಿಗಳು ಬಯಲಿನಲ್ಲೂ ಒಂದಿಷ್ಟು ಮಳೆ ಹನಿಸಿ ನೆಲ ತೇವ ಮಾಡಿ ಹೋಗುತ್ತವೆ. ಆಮೇಲೆ ಗಾಳಿ ನಿಂತ ರಾತ್ರಿಗಳಲ್ಲಿ ಆ ತೇವವೇ ಮಂಜಾಗಿ ಕೂರುತ್ತದೆ. ಹಾಗಾಗಿ ಜನವರಿಯಲ್ಲಿ ಉತ್ತರದ ರೈಲು, ಬಸ್ಸು ಹೇಳಿದ ಹೊತ್ತಿಗೆ ಬರುತ್ತವೆ ಎಂದು ಲೆಕ್ಕ ಹಾಕಲೇಬೇಡಿ.

ಇಷ್ಟಾದ ಮೇಲೆ ಪಟ್ಲಿಕುಹಲ್‌ನಲ್ಲಿ ಎಲ್ಲರನ್ನೂ ಇಳಿಸಿಬಿಟ್ಟರು. ಮುಂದೆ ಹಿಮ, ಬಸ್ಸು ಹೋಗಲ್ಲ ಅಂದರು. ಮನಾಲಿ ಇನ್ನೂ 20 ಕಿಲೋಮೀಟರ್‌ನಷ್ಟು ದೂರ. ಅಲ್ಲಿ ಬೀಳುತ್ತಿದ್ದದ್ದು ಬರೀ ತುಂತುರು ಮಳೆ. ನಮ್ಮ ಕಣ್ಣೆದುರೇ ಬೇರೆ ಬಸ್ಸುಗಳು ಮೇಲೆ ಹೋಗುತ್ತಿದ್ದವು. ದುಡ್ಡು ವಾಪಸ್ ಕೇಳಿದರೆ ದೆಹಲಿ ಆಫೀಸಿನಲ್ಲಿ ಕೇಳಿ ಎಂದು ಹೊರಟೇ ಹೋದರು. ಟ್ಯಾಕ್ಸಿಗೆ 1,500 ರೂಪಾಯಿ ಬೇರೆ ಕೊಟ್ಟೆವು.

ಆದರೆ ಇಡೀ ಪ್ರವಾಸದಲ್ಲಿ ನಾನು ಎಂದೂ ಮರೆಯದ್ದು ಆ ಟ್ಯಾಕ್ಸಿ ಪ್ರಯಾಣ. ಪಟ್ಲಿಕುಹಲ್ ಐದು ಸಾವಿರ ಅಡಿಯ ಆಸುಪಾಸಿನಲ್ಲಿದೆ. ಅಲ್ಲಿ ಗಾಜಿನ ಮೇಲೆ ಬಿದ್ದ ಹನಿ ಸೀದಾ ಹರಿದು ಹೋಗುತ್ತಿತ್ತು. ಸ್ವಲ್ಪ ಮೇಲೆ ಬಂದ ಮೇಲೆ ಹನಿ ಗಾಜಿಗೆ ತಾಗಿ ಒಂದು ಕ್ಷಣ ನಿಂತು ಆಮೇಲೆ ಕರಗತೊಡಗಿತು. ಕಲಾಥ್ ಹತ್ತಿರ ವೈಪರ್ ಸದ್ದೇ ಬದಲಾಯಿತು. ಗಾಜಿನ ಅಂಚಿಗೆ ಬೂದು ಬಣ್ಣದ ಕೆಸರಿನಂಥ ಹಿಮವನ್ನು ಅದು ತಳ್ಳುತ್ತಿತ್ತು. ಮನಾಲಿ ಪೇಟೆಗೆ ಬರುವಷ್ಟರಲ್ಲಿ ಮಳೆ ಎಂಬುದೇ ಇಲ್ಲ, ಅಗಲ ಅಗಲ ಹಿಮದ ಎಸಳು ತೇಲಿಕೊಂಡು ಬೀಳುತ್ತಿತ್ತು. ‘ಮಾಮ, ಮಳೆ ಯಾವಾಗ ನಿಂತಿದ್ದು?’ ಎಂದಳು ಅಕ್ಕನ ಮಗಳು. ಮಳೆ ನಿಂತಿರಲಿಲ್ಲ. ಅದೇ ಮೋಡ, ಅದೇ ಗಂಟೆ. ಮೇಲಿಂದ ಹೊರಡುವಾಗ ಎಲ್ಲವೂ ಹಿಮವೇ. ಕೆಳಗಿನ ಗಾಳಿ ಬೆಚ್ಚಗಿದ್ದರೆ ದಾರಿಯಲ್ಲೇ ಕರಗಿ ಮಳೆಯಾಗುತ್ತದೆ.

ಸಾವಿರ ಅಡಿ ಏರಿದರೆ ಸರಾಸರಿ 2 ಡಿಗ್ರಿ ಕಡಿಮೆಯಾಗುತ್ತದೆ. ಚಾಮುಂಡಿ ಬೆಟ್ಟ ಮೈಸೂರಿಗಿಂತ ಹೆಚ್ಚುಕಡಿಮೆ ಅಷ್ಟೇ ಎತ್ತರ, ಮೇಲೆ ಹೋದಾಗ ಆ ವ್ಯತ್ಯಾಸ ನಿಮಗೂ ಗೊತ್ತಾಗಿರುತ್ತದೆ ಅಲ್ವಾ? ಮನಾಲಿ 6,700 ಅಡಿ, ಸೋಲಾಂಗ್ ಸುಮಾರು 8,400, ಅಟಲ್ ಸುರಂಗದ ಬಾಯಿ ಸುಮಾರು 10,000. ಮನಾಲಿಯಲ್ಲಿ 5 ಡಿಗ್ರಿ ಇದ್ದು ಮಳೆ ಬರುತ್ತಿದ್ದರೆ ಸುರಂಗದ ಹತ್ತಿರ ಸೊನ್ನೆಗಿಂತ ಕೆಳಗೆ, ಅಂದರೆ ಅಲ್ಲಿ ಹಿಮ. ಹಾಗಾಗಿ ಮನಾಲಿಯಲ್ಲಿ ಮಳೆ ಎಂದು ಬೇಸರ ಮಾಡಿಕೊಳ್ಳಬೇಡಿ. ಮೇಲಿನ ಬೆಟ್ಟಗಳಲ್ಲಿ ಆಗ ಹಿಮ ಸೇರುತ್ತಿರುತ್ತದೆ.

ರೂಮಿನ ವಿಷಯಕ್ಕೆ ಬಂದರೆ, ಬಿಯಾಸ್ ನದಿ ದಡದ ಹೋಟೆಲನ್ನು ಚಳಿಗಾಲದಲ್ಲಿ ಹಿಡಿಯಬೇಡಿ. ‘ರಿವರ್ ವ್ಯೂ’ ಎಂದು 3,500 ರೂಪಾಯಿ ತೆಗೆದುಕೊಂಡು, ಹೀಟರ್‌ಗೆ ರಾತ್ರಿಗೆ 500 ಬೇರೆ ಕೇಳಿದರು. ಹೀಟರ್ ಇಟ್ಟರೂ ಗೋಡೆ ತಣ್ಣಗೇ ಇತ್ತು. ರಾತ್ರಿ ಬೆಟ್ಟದ ಮೈ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಇಳಿಜಾರಿನಲ್ಲಿ ಜಾರಿ ಬಂದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಊಟಿಯಲ್ಲಿ ಜನವರಿಯ ಬೆಳಗ್ಗೆ ರೇಸ್‌ಕೋರ್ಸ್‌ನಂಥ ತಗ್ಗು ಜಾಗದ ಹುಲ್ಲು ಹೆಪ್ಪುಗಟ್ಟಿದ ಇಬ್ಬನಿಯಿಂದ ಬೆಳ್ಳಗಾಗಿರುವುದು, ಮೇಲಿನ ದಿಣ್ಣೆ ಹಾಗಾಗದಿರುವುದು ಇದಕ್ಕೇ. ಎತ್ತರಕ್ಕೆ ಹೋದರೆ ಚಳಿ ಜಾಸ್ತಿ ಎಂಬ ಲೆಕ್ಕ ಮೋಡವಿಲ್ಲದ ಶಾಂತ ರಾತ್ರಿಗಳಲ್ಲಿ ಕಣಿವೆಯೊಳಗೆ ತಿರುಗುಮುರುಗಾಗುತ್ತದೆ.

ನಾವು ವಶಿಷ್ಠ ಊರಿಗೆ ಬದಲಾಯಿಸಿಕೊಂಡೆವು. ಅದು ನದಿಯ ಆಚೆ ದಡದಲ್ಲಿ, ಇಳಿಜಾರಿನ ಮೇಲಿದೆ, ಪಶ್ಚಿಮಕ್ಕೆ ಮುಖ. ಮಧ್ಯಾಹ್ನದ ಬಿಸಿಲು ಅಲ್ಲಿ ಹೆಚ್ಚು ಹೊತ್ತು ಇರುತ್ತದೆ. ಮನಾಲಿ ಪೇಟೆ ಕಡೆ ಸೂರ್ಯ ಬೇಗ ಬೆಟ್ಟದ ಹಿಂದೆ ಇಳಿದುಬಿಡುತ್ತಾನೆ. ಒಂದು ಮನೆಯ ಮೇಲಿನ ರೂಮು, 1,200 ರೂಪಾಯಿ. ಬಾತ್‌ರೂಮು ಚಿಕ್ಕದು, ನಲ್ಲಿಯಲ್ಲಿ ಬೆಳಗ್ಗೆ ನೀರು ಹೆಪ್ಪುಗಟ್ಟಿರುತ್ತಿತ್ತು. ನನಗೆ ಅದೇನೂ ತೊಂದರೆ ಅನ್ನಿಸಲಿಲ್ಲ, ಅಕ್ಕನಿಗೆ ಅನ್ನಿಸಿತು. ದೇವಸ್ಥಾನದ ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಮಾಡಿ ಬಂದ ಮೇಲೆ ಅವಳೂ ಸುಮ್ಮನಾದಳು.

ಆ ಬುಗ್ಗೆಯಿಂದ ಕೆಳಗಿಳಿಯುವ ಓಣಿಯಲ್ಲಿ ಒಂದು ಊಟದ ಅಂಗಡಿ ಇದೆ. ಬೋರ್ಡ್ ಇಲ್ಲ. ನಾಲ್ಕು ಬೆಂಚು, ನಡುವೆ ಕಬ್ಬಿಣದ ಸೌದೆ ಒಲೆ, ಅದರ ಕೊಳವೆ ಮಾಡಿನಿಂದ ಹೊರಗೆ ಹೋಗಿದೆ. ವಯಸ್ಸಾದ ತಾಯಿ ಅಡುಗೆ ಮಾಡುತ್ತಾರೆ, ಮಗ ಬಡಿಸುತ್ತಾನೆ. ಅಲ್ಲಿ ಸಿದ್ದು ತಿನ್ನಿ. ಗೋಧಿ ಹಿಟ್ಟನ್ನು ಹುಳಿ ಬರಿಸಿ, ಒಳಗೆ ಅಕ್ರೋಟು, ಗಸಗಸೆ ಅರೆದ ಹೂರಣ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ, ನಮ್ಮ ಕಡುಬಿನ ಹಾಗೆ. ಬಿಸಿ ಇರುವಾಗಲೇ ಚಾಕುವಿನಿಂದ ನಾಲ್ಕು ಮಾಡಿ, ಆ ತಾಯಿ ಸೌಟಿನಲ್ಲಿ ತುಪ್ಪ ಹಾಕುತ್ತಾರೆ. ಸಾಕು ಎನ್ನುವವರೆಗೆ ಹಾಕುತ್ತಲೇ ಇರುತ್ತಾರೆ. ತುಪ್ಪ ಹೂರಣದೊಳಗೆ ಇಳಿಯುತ್ತದೆ. ಪಕ್ಕದಲ್ಲಿ ಖಾರದ ಹಸಿರು ಚಟ್ನಿ. ಒಂದಕ್ಕೆ 70 ರೂಪಾಯಿ, ಎರಡು ತಿಂದರೆ ರಾತ್ರಿಯವರೆಗೆ ಹಸಿವಿಲ್ಲ. ಮಧ್ಯಾಹ್ನ ರಾಜ್ಮಾ, ಅನ್ನ. ಚಿಕ್ಕ ಕಾಳಿನ ರಾಜ್ಮಾ, ತೆಳ್ಳಗಿನ ಸಾರು, ಮಸಾಲೆ ಕಮ್ಮಿ. ಅನ್ನ ಎರಡನೇ ಸಲ ಕೇಳಿದರೆ ದುಡ್ಡು ತೆಗೆದುಕೊಳ್ಳಲಿಲ್ಲ. ಮುದ್ದೆ ಇಲ್ಲದೆ ಎರಡು ದಿನ ಇರಲಾರದ ಭಾವ ಅಲ್ಲಿ ಮುದ್ದೆಯ ಹೆಸರೇ ಎತ್ತಲಿಲ್ಲ. ಹಿಮ ಬಿದ್ದು ರಸ್ತೆ ಮುಚ್ಚಿದ ದಿನ ಪೂರ್ತಿ ಆ ಒಲೆಯ ಪಕ್ಕವೇ ಕೂತಿದ್ದೆವು, ಎದ್ದೇಳಿ ಎಂದು ಯಾರೂ ಹೇಳಲಿಲ್ಲ.

ಹಿಡಿಂಬಾ ದೇವಸ್ಥಾನ, ಮಾಲ್ ರೋಡ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಸುರಂಗದ ಬಗ್ಗೆ ಹೇಳುತ್ತೇನೆ. 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾಯಿತು. ಅದರ ಮೇಲಿನ ಬೆಟ್ಟಸಾಲಿನಲ್ಲಿ, ಸುಮಾರು 13,050 ಅಡಿಯಲ್ಲಿ, ಬೆಟ್ಟ ದಾಟುವ ಹಳೇ ದಾರಿ ರೋಹ್ತಾಂಗ್ ಪಾಸ್. ಚಳಿಗಾಲದಲ್ಲಿ ಆ ಪಾಸ್ ಮುಚ್ಚಿರುತ್ತದೆ, ಅಲ್ಲಿಗೆ ಕರೆದೊಯ್ಯುತ್ತೇವೆ ಎನ್ನುವವರನ್ನು ನಂಬಬೇಡಿ. ನಾವು ಒಳಗೆ ಹೋಗುವಾಗ ಈಚೆ ಬದಿಯಲ್ಲಿ ಮೋಡ ಬೆಟ್ಟಕ್ಕೆ ಅಂಟಿಕೊಂಡಿತ್ತು. ಕೈಗೆತ್ತಿಕೊಂಡ ಹಿಮ ಒದ್ದೆ, ಹಿಸುಕಿದರೆ ಗಟ್ಟಿ ಉಂಡೆ. ಹತ್ತು ಹದಿನೈದು ನಿಮಿಷದಲ್ಲಿ ಬೆಟ್ಟದ ಆಚೆಯ ಲಾಹೌಲ್ ಕಣಿವೆಯ ಕಡೆ ಹೊರಬಂದರೆ ನೀಲಿ ಆಕಾಶ, ಮುಖ ಕೊಯ್ಯುವ ಒಣ ಗಾಳಿ. ಅಲ್ಲಿನ ಹಿಮ ಮುಷ್ಟಿಯಲ್ಲಿ ಉಂಡೆ ಕಟ್ಟಲೇ ಇಲ್ಲ, ಬೆರಳ ಸಂದಿಯಿಂದ ಉದುರಿ ಹೋಯಿತು. ನಡುವೆ ಇರುವುದು ಒಂದೇ ಬೆಟ್ಟ. ಆಚೆ ಇಳಿಯುವ ಗಾಳಿಯಲ್ಲಿ ಮೋಡ ಕರಗುತ್ತದೆ. ಚಳಿ ಜಾಸ್ತಿ ಇರುವುದರಿಂದ ಹಿಮ ಒದ್ದೆಯಾಗುವುದಿಲ್ಲ. ಲಾಹೌಲ್‌ಗೆ ಮುಂಗಾರು ಮಳೆ ತೀರಾ ಕಡಿಮೆ, ಅಲ್ಲಿನ ಹೊಲಗಳಿಗೆ ಈ ಹಿಮ ಕರಗಿದ ನೀರೇ ಆಧಾರ. ನಾಲೆ ನೀರು ಯಾವತ್ತು ಬಿಡುತ್ತಾರೋ ಎಂದು ಕಾಯುವ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಅಲ್ಲಿ ಒಂದು ವಿಷಯ ಗಮನಿಸಿ. ಸುರಂಗದ ಬಾಯಿ ಇರುವ ಬದಿ ಉತ್ತರಕ್ಕೆ ಮುಖ ಮಾಡಿದೆ, ಚಳಿಗಾಲದಲ್ಲಿ ಬಿಸಿಲೇ ತಾಗುವುದಿಲ್ಲ, ಹಿಮ ವಾರಗಟ್ಟಲೆ ಉಳಿಯುತ್ತದೆ. ಚಂದ್ರಾ ನದಿಯ ಎದುರು ದಡ ದಕ್ಷಿಣಕ್ಕೆ ಮುಖ, ಅಲ್ಲಿ ಅಲ್ಲಲ್ಲಿ ಕಂದು ನೆಲ ಕಾಣುತ್ತಿತ್ತು. ನೀವು ಹೋದಾಗ ಹೊಸ ಹಿಮ ಬಿದ್ದಿಲ್ಲ ಅಂದರೆ ಡ್ರೈವರ್‌ಗೆ ‘ಸ್ನೋ ಪಾಯಿಂಟ್’ ಅನ್ನಬೇಡಿ, ಬಿಸಿಲು ಬೀಳದ ಬದಿಗೆ ಕರೆದುಕೊಂಡು ಹೋಗಿ ಅನ್ನಿ.

ಸುರಂಗದ ಆಚೆ ಇರುವ ಸಿಸ್ಸು ಊರಿಗೆ ನಾವು ಹೋಗಲಿಲ್ಲ. ಜನವರಿ ಕೊನೆ, ಫೆಬ್ರವರಿಯಲ್ಲಿ ಅಲ್ಲಿಯವರು ದೇವರ ಹಬ್ಬ ಮಾಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಆ ಸಮಯ ಪ್ರವಾಸಿಗರನ್ನು ಬೇಡ ಎನ್ನುತ್ತಿದ್ದಾರೆ. ಅವರ ಊರು, ಅವರ ದೇವರು. ಕೇಳಿಕೊಂಡೇ ಹೋಗಿ.

ಸೋಲಾಂಗ್ ದಾರಿಯಲ್ಲಿ ನಂಬರ್ ಹಾಕಿದ ಅಂಗಡಿಗಳಲ್ಲಿ ಹಿಮದ ಬಟ್ಟೆ, ಬೂಟು ಬಾಡಿಗೆಗೆ ಕೊಡುತ್ತಾರೆ. ಡ್ರೈವರ್ ತನಗೆ ಬೇಕಾದ ಅಂಗಡಿಯ ಮುಂದೆಯೇ ನಿಲ್ಲಿಸುತ್ತಾನೆ. ಇದಿಲ್ಲದೆ ಮುಂದೆ ಬಿಡಲ್ಲ ಎಂದು ಹೆದರಿಸಿ ತಲೆಗೆ 400 ರೂಪಾಯಿ ಕೇಳಿದರು. ಅಂಥ ನಿಯಮವೇ ಇಲ್ಲ. ನಾವು ಬೂಟು ಮಾತ್ರ ತೆಗೆದುಕೊಂಡೆವು, 100 ರೂಪಾಯಿ. ಊರಿಂದಲೇ ಥರ್ಮಲ್, ಉಣ್ಣೆ ಸ್ವೆಟರ್, ಅದರ ಮೇಲೆ ನೀರಿಳಿಯದ ಮಳೆ ಪ್ಯಾಂಟು, ಜಾಕೆಟ್ ತಂದರೆ ಸಾಕು.

ಹಿಮ ಬೀಳುವಾಗಲೇ ಓಡಾಡಬೇಕೆಂಬ ಆಸೆ ಬೇಡ. ಸೋಲಾಂಗ್ ದಾರಿಯ ನೆಹರೂ ಕುಂಡದ ಹತ್ತಿರ ಪೊಲೀಸರು ತಡೆದು ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಇರುವ ಗಾಡಿ ಮಾತ್ರ ಬಿಡುತ್ತಾರೆ, ಅದಕ್ಕೆ ಬಾಡಿಗೆ ಬಾಯಿಗೆ ಬಂದಷ್ಟು. ಕಡಿದಾದ ಬೆಟ್ಟಗಳಲ್ಲಿ ಹೊಸ ಹಿಮ ಜಾರಿ ಬೀಳುವ ಅಪಾಯ ಇರುತ್ತದೆ. ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಿಆರ್‌ಡಿಓದವರು ಹಿಮಕುಸಿತದ ಎಚ್ಚರಿಕೆ ಕೊಡುತ್ತಾರೆ, ಶಿಮ್ಲಾದ ಹವಾಮಾನ ಕೇಂದ್ರ ಹಳದಿ, ಕಿತ್ತಳೆ, ಕೆಂಪು ಎಂದು ಮುನ್ಸೂಚನೆ ಕೊಡುತ್ತದೆ. ಕಿತ್ತಳೆ ಬಂದರೆ ಒಂದೇ ಕಡೆ ಕೂತುಬಿಡಿ. ಮೋಡ ಹೋದ ಮೊದಲ ಬೆಳಗ್ಗೆಯೂ ಅವಸರ ಬೇಡ. ಆಕಾಶ ತಿಳಿಯಾದ ರಾತ್ರಿಯೇ ಚಳಿ ಅತಿ ಹೆಚ್ಚು, ಕರಗಿದ ನೀರು ರಸ್ತೆಯ ಮೇಲೆ ಕಣ್ಣಿಗೆ ಕಾಣದ ಗಾಜಿನ ಪದರವಾಗಿರುತ್ತದೆ. ಹತ್ತು ಗಂಟೆ ದಾಟಿ ಬಿಸಿಲು ರಸ್ತೆಗೆ ತಾಗಿದ ಮೇಲೆ ಹೊರಡಿ.

ಮನಾಲಿ ಬಿಡುವ ದಿನಕ್ಕೂ ದೆಹಲಿಯಿಂದ ಹೊರಡುವ ರೈಲು, ವಿಮಾನಕ್ಕೂ ನಡುವೆ ಒಂದು ದಿನವಾದರೂ ಖಾಲಿ ಬಿಡಿ. ಮಂಡಿನೋವು ಇರುವವರು ಜೊತೆಗಿದ್ದರೆ ಚಂಡೀಗಢದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಹಗಲು ಹೊತ್ತಿನಲ್ಲಿ ಸರ್ಕಾರಿ ಬಸ್ಸು ಹಿಡಿಯಿರಿ.