‘ಡಾಕ್ಟ್ರೇ’ ಅಂದರೆ ಮುಗಿಯದ ಊರುಗಳು

ತುಮಕೂರಿನ ಯಾವ ಕ್ಲಿನಿಕ್ಕಿಗೆ ಹೋದರೂ ‘ಡಾಕ್ಟ್ರೇ’ ಅನ್ನುವ ಒಂದು ಮಾತು ಸಾಕು. ಎಂ.ಬಿ.ಬಿ.ಎಸ್. ಆದವರಿಗೂ ಅದೇ, ಹಲ್ಲು ಕೀಳುವವರಿಗೂ ಅದೇ, ದನದ ಆಸ್ಪತ್ರೆಯವರಿಗೂ ಅದೇ. ಹೆಸರು ಗೊತ್ತಿರಬೇಕೆಂದೂ ಇಲ್ಲ. ಮಗಳ ಬಾಣಂತನಕ್ಕೆ ಇಂಗ್ಲೆಂಡಿಗೆ ಹೊರಟವರೂ ಪಿಎಚ್.ಡಿ.ಗೆ ಅರ್ಜಿ ಹಾಕುವ ಹುಡುಗರೂ ಇದೇ ಅಭ್ಯಾಸ ಕಟ್ಟಿಕೊಂಡು ಬರುತ್ತಾರೆ. ಅವರು ಎಡವುವುದು ಮರ್ಯಾದೆ ಕಡಿಮೆಯಾಗಿ ಅಲ್ಲ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ.

ಇಂಗ್ಲೆಂಡಿನಲ್ಲಿ ಮೊದಲು ಗಾಬರಿ ಹುಟ್ಟಿಸುವುದು ಆಸ್ಪತ್ರೆಯ ಕಾಗದ. ಮಂಡಿ ಆಪರೇಷನ್ನಿಗೆ ದಿನ ಗೊತ್ತುಮಾಡಿದ ಪತ್ರದಲ್ಲಿ ಸರ್ಜನ್ ಹೆಸರಿನ ಮುಂದೆ ‘ಡಾ.’ ಇರುವುದಿಲ್ಲ, ‘ಮಿಸ್ಟರ್’ ಇರುತ್ತದೆ. “ಇವ್ರು ಡಾಕ್ಟ್ರೇ ಅಲ್ವಂತಲ್ಲಮ್ಮ, ಮತ್ತೆ ಕುಯ್ಯೋರು ಯಾರು?” ಎಂದು ಚಿಂತಾಮಣಿಯಿಂದ ಬಂದ ಅತ್ತೆ ಸೊಸೆಯನ್ನು ಕೇಳಿದರೆ ತಪ್ಪೇನಿಲ್ಲ. ಹಳೇ ಕಾಲದಲ್ಲಿ ಅಲ್ಲಿ ವಿಶ್ವವಿದ್ಯಾಲಯದಲ್ಲಿ ಓದಿ ಮದ್ದು ಬರೆದುಕೊಡುವವನು ಮಾತ್ರ ಡಾಕ್ಟರ್. ಕತ್ತಿ ಹಿಡಿಯುವವನು ಗುರುವಿನ ಕೈಕೆಳಗೆ ಕಸುಬು ಕಲಿತವನು. 1540ರಲ್ಲಿ ಲಂಡನ್ನಿನ ಕ್ಷೌರಿಕರನ್ನೂ ಸರ್ಜನ್‌ಗಳನ್ನೂ ಸೇರಿಸಿ ಒಂದೇ ಸಂಘ ಮಾಡಿದ್ದರು. ಅವರು ಬೇರೆಯಾದದ್ದು 1745ರಲ್ಲಿ. ಈಗಿನ ಸರ್ಜನ್ನರೆಲ್ಲ ಮೊದಲು ವೈದ್ಯಪದವಿ ಪಡೆದವರೇ. ಓದು ಮುಗಿದಾಗ ‘ಡಾ.’ ಆಗುತ್ತಾರೆ, ಸರ್ಜನ್ನರ ರಾಯಲ್ ಕಾಲೇಜಿನ ಪರೀಕ್ಷೆ ಪಾಸಾದ ಮೇಲೆ ಅದನ್ನು ಬಿಟ್ಟು ಮತ್ತೆ ‘ಮಿಸ್ಟರ್’ ಆಗುತ್ತಾರೆ. ಅದು ಇಳಿದದ್ದಲ್ಲ, ಏರಿದ್ದು. ಹೆಂಗಸರಾದರೆ ‘ಮಿಸ್’, ಮದುವೆಯಾಗಿದ್ದರೂ ಎಷ್ಟೋ ಜನ ಹಾಗೇ ಇಟ್ಟುಕೊಳ್ಳುತ್ತಾರೆ. ಹೆರಿಗೆ ತಜ್ಞರಲ್ಲೂ ಇದೇ ಪದ್ಧತಿ. ಬಾಣಂತನಕ್ಕೆ ಹೋದವರು ಪತ್ರದಲ್ಲಿ ಹೇಗಿದೆಯೋ ಹಾಗೇ ಕರೆದರೆ ಆಯಿತು.

ನೆಗಡಿ ಜ್ವರಕ್ಕೆ ನೋಡುವ ಜಿ.ಪಿ.ಗೆ ಈ ತಾಪತ್ರಯವಿಲ್ಲ. ಅಲ್ಲಿ ‘ಥ್ಯಾಂಕ್ಯೂ ಡಾಕ್ಟರ್’ ಸಲೀಸಾಗಿ ನಡೆಯುತ್ತದೆ. ನಮ್ಮ ದನದ ಡಾಕ್ಟ್ರ ಅಲ್ಲಿನ ಓರಗೆಯವರಿಗೆ ‘ಡಾ.’ ಹಾಕಿಕೊಳ್ಳಲು ಅನುಮತಿ ಸಿಕ್ಕಿದ್ದು 2015ರಲ್ಲಿ. ಎಚ್ಚರ ಬೇಕಾದದ್ದು ನರ್ಸುಗಳ ವಿಷಯದಲ್ಲಿ. ಕೋಲಾರದ ಆಸ್ಪತ್ರೆಯಲ್ಲಿ ನರ್ಸುಗಳೆಲ್ಲ ‘ಸಿಸ್ಟರ್’. ಇಂಗ್ಲೆಂಡಿನಲ್ಲಿ ‘ಸಿಸ್ಟರ್’ ಅಂದರೆ ವಾರ್ಡಿನ ಉಸ್ತುವಾರಿಯ ಹುದ್ದೆ. ಮಿಕ್ಕವರನ್ನು ಎದೆಯ ಮೇಲಿನ ಬಿಲ್ಲೆ ನೋಡಿ ಹೆಸರು ಹಿಡಿದೇ ಕರೆಯಬೇಕು. ನಮ್ಮ ಹಿರಿಯರಿಗೆ ಬಾಯಿ ತಿರುಗುವುದಿಲ್ಲ, ಆದರೂ ಅಲ್ಲಿ ಅದೇ ಮರ್ಯಾದೆ.

ಜರ್ಮನಿಯಲ್ಲಿ ಲೆಕ್ಕ ತಿರುವುಮುರುವು. ವೈದ್ಯ ಪರೀಕ್ಷೆ ಪಾಸಾದ ಮಾತ್ರಕ್ಕೆ ‘ಡಾ.’ ಬರುವುದಿಲ್ಲ, ಪ್ರಬಂಧ ಬರೆದು ಬೇರೆ ಪದವಿ ಪಡೆಯಬೇಕು. ಹಾಗಾಗಿ ಬಾಗಿಲ ಫಲಕದಲ್ಲಿ ಒಬ್ಬರಿಗೆ ‘ಡಾ. ಮೆಡ್.’ ಎಂದೂ ಇನ್ನೊಬ್ಬರಿಗೆ ಬರೀ ‘ಆರ್ಟ್ಸ್ಟ್’, ಅಂದರೆ ವೈದ್ಯ, ಎಂದೂ ಇರುತ್ತದೆ. ಔಷಧಿ ಕೊಡಲು ಇಬ್ಬರೂ ಅರ್ಹರೇ. ರೋಗಿಗಳು ಬಾಯಿಮಾತಿಗೆ ಇಬ್ಬರನ್ನೂ, ಗಂಡಸಾದರೆ ‘ಹೆರ್ ಡಾಕ್ಟರ್’, ಹೆಂಗಸಾದರೆ ‘ಫ್ರಾವ್ ಡಾಕ್ಟರ್’ ಅನ್ನುತ್ತಾರೆ. ಪತ್ರದಲ್ಲಿ ಮಾತ್ರ ಸಲಿಗೆ ಸಲ್ಲದು: ‘ಪ್ರೊ. ಡಾ.’ ಎಂದು ಎರಡೂ ಇದ್ದರೆ ವಿಳಾಸದಲ್ಲಿ ಎರಡನ್ನೂ ಬರೆದು, ಸಂಬೋಧನೆಯಲ್ಲಿ ದೊಡ್ಡದನ್ನು ಮಾತ್ರ ಉಳಿಸಿ ‘ಫ್ರಾವ್ ಪ್ರೊಫೆಸರ್’ ಎಂದು ಮನೆತನದ ಹೆಸರು ಸೇರಿಸಬೇಕು. ಇಲ್ಲದ ಬಿರುದು ಹಾಕಿಕೊಳ್ಳುವುದು ಅಲ್ಲಿನ ದಂಡಸಂಹಿತೆಯ 132ಎ ಪ್ರಕಾರ ಅಪರಾಧ. ಭಾರತದ ಪಿಎಚ್.ಡಿ.ಯನ್ನೂ ‘ಡಾ.’ ಎಂದು ತಾವಾಗಿ ಬದಲಿಸಿಕೊಳ್ಳದೆ, ಪದವಿಪತ್ರದಲ್ಲಿದ್ದ ಹಾಗೇ ಬರೆಯಬೇಕು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಿಗೆ 1965ರಲ್ಲಿ ಗೌರವ ಡಾಕ್ಟರೇಟ್ ಬಂದ ಮೇಲೆ ‘ಡಾ.’ ಸೇರಿಸಿ ಬರೆಯುವುದು ನಮ್ಮಲ್ಲಿ ಸಹಜವಾಯಿತು. ಹೊರದೇಶಗಳಲ್ಲಿ ಗೌರವ ಪದವಿಯನ್ನು ಹೆಸರಿಗೆ ಅಂಟಿಸಿಕೊಳ್ಳುವವರು ಕಡಿಮೆ.

ಇನ್ನು ಅಮೆರಿಕದ ಪ್ರೊಫೆಸರಿಗೆ ಬರೆಯುವ ಮೇಲ್. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಿದರೆ ನೂರು ಜನಕ್ಕೆ ಒಂದೇ ಕಾಗದ ಕಳಿಸಿದ ಹಾಗೆ ಕಾಣುತ್ತದೆ, ಓದುವವರು ಹೆಂಗಸಾಗಿದ್ದರಂತೂ ಮುಗಿದೇ ಹೋಯಿತು. ‘ಡಿಯರ್ ಪ್ರೊಫೆಸರ್’ ಎಂದು ಬರೆದು ಕೊನೆಯ ಹೆಸರು ಹಾಕಿ, ಮೊದಲ ಹೆಸರು ಬೇಡ. ‘ಮಿಸೆಸ್’ ಬೇಡವೇ ಬೇಡ. ಅವರು ಉತ್ತರದ ಕೆಳಗೆ ಬರೀ ಮೊದಲ ಹೆಸರಿನಲ್ಲಿ ಸಹಿ ಮಾಡಿದರೆ ಮುಂದಿನ ಮೇಲ್‌ನಲ್ಲಿ ನೀವೂ ಹಾಗೆ ಕರೆಯಬಹುದು.

ನಿಜವಾದ ಕಗ್ಗಂಟು ನಮ್ಮದೇ ಹೆಸರು. ಗೌರಿಬಿದನೂರು ಕಡೆಯ ಹೊಸೂರಿನ ಎಚ್. ನರಸಿಂಹಯ್ಯನವರು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪಿಎಚ್.ಡಿ. ತಂದರು, ಜನರ ಬಾಯಲ್ಲಿ ‘ಎಚ್ಚೆನ್’ ಆಗಿಯೇ ಉಳಿದರು. ಆ ‘ಎಚ್’ ಅವರ ಊರು. ಈಗ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಅಂಥ ಇನಿಷಿಯಲ್ಲನ್ನು ಬಿಡಿಸಿ ಬರೆದರೆ ಹೊರದೇಶದವರೆಲ್ಲ ನಿಮ್ಮನ್ನು ‘ಡಾ. ಕೊರಟಗೆರೆ’ ಅನ್ನುತ್ತಾರೆ, ಊರಿಗೇ ಡಾಕ್ಟರೇಟ್ ಸಿಕ್ಕ ಹಾಗೆ. ಅಪ್ಪನ ಹೆಸರು ಹಾಕಿದರೆ ಘಟಿಕೋತ್ಸವದಲ್ಲಿ ‘ಡಾ. ಸಿದ್ದಪ್ಪ’ ಎಂದು ಕೂಗಿದಾಗ ವೇದಿಕೆ ಹತ್ತಬೇಕಾದವರು ನೀವೇ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಎಂದು ಅಚ್ಚಾಗುತ್ತದೆ: ಮೊದಲ ಹೆಸರು ತಿಳಿದಿಲ್ಲ ಎಂದರ್ಥ. ಆಮೇಲೆ ಬ್ಯಾಂಕಿನಿಂದ, ಕಾಲೇಜಿನಿಂದ ‘ಡಿಯರ್ ಎಫ್ಎನ್‌ಯು’ ಎಂದೇ ಪತ್ರ ಬರುತ್ತವೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ, ‘ಡಾ.’ ಯಾವ ಹೆಸರಿನ ಜೊತೆ ಕೇಳಿದರೆ ನೀವು ತಿರುಗಿ ನೋಡುತ್ತೀರೋ ಆ ಹೆಸರನ್ನೇ ಸರ್‌ನೇಮ್ ಜಾಗದಲ್ಲಿ ತುಂಬಿ.