ಹನ್ನೊಂದು ಜನಕ್ಕೆ ಟೇಬಲ್ ಇಲ್ಲ

ಸೈನ್ಸ್ ಫಿಕ್ಷನ್ ಅಭಿಮಾನಿಗಳ ಸಮಾವೇಶಕ್ಕೆ ನಾನು ಒಬ್ಬನೇ ಹೋಗಿದ್ದೆ. ಯಾವ ಪ್ಯಾನೆಲ್ ಚರ್ಚೆ ಎಷ್ಟು ಗಂಟೆಗೆ, ಯಾರ ಹತ್ತಿರ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಬೇಕು, ಎಲ್ಲ ಬರೆದಿಟ್ಟುಕೊಂಡಿದ್ದೆ. ಊಟ ಯಾರ ಜೊತೆ ಅನ್ನೋದು ಮಾತ್ರ ತಲೆಗೇ ಬಂದಿರಲಿಲ್ಲ.

ಮೊದಲ ದಿನ ಸಂಜೆ ಕೊನೆಯ ಪ್ಯಾನೆಲ್ ಮುಗಿಯಿತು. ಐದು ನಿಮಿಷದ ಹಿಂದೆ ಪಕ್ಕದವರೂ ನಾನೂ ಒಂದೇ ಜೋಕಿಗೆ ಬಿದ್ದು ಬಿದ್ದು ನಕ್ಕಿದ್ದೆವು. ಬಾಗಿಲು ದಾಟಿದ್ದೇ ತಡ, ಎಲ್ಲರೂ ಗುಂಪು ಗುಂಪಾಗಿ ಲಾಬಿಯಲ್ಲಿ ನಿಂತುಬಿಟ್ಟರು. ನಾನು ಗೋಡೆಗೆ ಒರಗಿ ಕಾರ್ಯಕ್ರಮದ ಪುಸ್ತಕ ಬಿಡಿಸಿದೆ. ಒಂದೇ ಪುಟ ನಾಲ್ಕು ಸಲ ಓದಿದೆ. ಆಮೇಲೆ ರೂಮಿಗೆ ಹೋಗಿ ಬಿಸ್ಕತ್ ತಿಂದು ಮಲಗಿದೆ.

ಇಂಥ ಸಮಾವೇಶಗಳಲ್ಲಿ 5-2-1 ಅನ್ನೋ ಹಳೆಯ ಲೆಕ್ಕ ಒಂದಿದೆ. ದಿನಕ್ಕೆ ಕನಿಷ್ಠ 5 ಗಂಟೆ ನಿದ್ದೆ, 2 ಊಟ, 1 ಸ್ನಾನ. ನಿದ್ದೆ, ಸ್ನಾನಕ್ಕೆ ಜೊತೆ ಬೇಡ. ತೊಂದರೆ ಇರುವುದು ಆ ನಡುವಿನ ಎರಡರಲ್ಲೇ.

ಮರುದಿನ ಸಹಿ ಹಾಕಿಸಿಕೊಳ್ಳುವ ಕ್ಯೂನಲ್ಲಿ ನನ್ನ ಮುಂದೆ ಒಬ್ಬಾಕೆ ನಿಂತಿದ್ದರು. ವೇಷ ಹಾಕಿದ್ದರು, ಬೆನ್ನಿಗೆ ಆಳೆತ್ತರದ ರೆಕ್ಕೆ. "ಈ ಪುಸ್ತಕ ಸ್ವಲ್ಪ ಹಿಡ್ಕೊಳ್ತೀರಾ? ಪಟ್ಟಿ ಜಾರ್ತಾ ಇದೆ" ಅಂದರು. ಕ್ಯೂ ಒಂದು ಗಂಟೆಯದು, ಮಾತು ಬೆಳೆಯಿತು. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವರ್ಲ್ಡ್‌ಕಾನ್ (ಸೈನ್ಸ್ ಫಿಕ್ಷನ್ ಅಭಿಮಾನಿಗಳ ವಿಶ್ವ ಸಮಾವೇಶ) ನಡೆದಾಗ ಅಭಿಮಾನಿಗಳಾದ ಫಾರೆಸ್ಟ್ ಆಕರ್ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯದ ಕಾಲದವರ ವೇಷ ಹಾಕಿ ಬಂದಿದ್ದರು, ಎರಡೂ ಉಡುಪು ಹೊಲಿದದ್ದು ಡಗ್ಲಸ್ ಅಂತ ಈ ರೆಕ್ಕೆಯವರೇ ಹೇಳಿದರು. ಆ ಇಬ್ಬರಿಗೆ ಊಟಕ್ಕೆ ಜೊತೆಯಾದರೂ ಇತ್ತಲ್ಲ ಅಂತ ನನಗೆ ಅನ್ನಿಸಿತು.

"ಸಂಜೆ ಊಟ ಎಲ್ಲಿ?" ಅಂದೆ.

"ಗೊತ್ತಿಲ್ಲ, ನೋಡ್ಬೇಕು."

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಎಲ್ಲಿಂದ ಧೈರ್ಯ ಬಂತೋ, "ಐದೂವರೆಗೆ ಲಾಬಿಯ ಮೆಟ್ಟಿಲ ಹತ್ರ ಇರ್ತೀನಿ. ಹತ್ತಿರದಲ್ಲೇ ಒಂದು ಹೋಟೆಲ್ ನೋಡಿಟ್ಟಿದ್ದೀನಿ, ಬನ್ನಿ" ಅಂದುಬಿಟ್ಟೆ. ನೋಡಿಟ್ಟಿರಲಿಲ್ಲ. ಆಕೆಯ ಮುಖ ಅರಳಿತು. "ಅಯ್ಯೋ, ನಿನ್ನೆ ರೂಮಲ್ಲಿ ಒಬ್ಬಳೇ ತಿಂದೆ ರೀ." ನಮ್ಮ ಹಿಂದೆ ನಿಂತಿದ್ದ ಇಬ್ಬರು ಕೇಳದೆಯೇ ಸೇರಿಕೊಂಡರು. ಕ್ಯೂ ಮುಗಿದಿದ್ದೇ ವಾಲಂಟಿಯರ್‌ಗಳ ಮೇಜಿಗೆ ಓಡಿ, ಹತ್ತಿರದ ಹೋಟೆಲ್‌ಗಳ ಪಟ್ಟಿ ಇಸ್ಕೊಂಡೆ.

ಐದೂವರೆಗೆ ನಾವು ನಾಲ್ವರು. ನಾಲ್ಕು ಒಳ್ಳೆಯ ಸಂಖ್ಯೆ, ಅಲ್ಲೇ ಹೊರಟುಬಿಡಬೇಕಿತ್ತು. ಆದರೆ ನಮ್ಮಲ್ಲೊಬ್ಬ ಪ್ಯಾಕ್‌ಮ್ಯಾನ್ ನಿಯಮದವನು. ಸುತ್ತ ನಿಂತಾಗ ವೃತ್ತ ಮುಚ್ಚಬಾರದು, ಪ್ಯಾಕ್‌ಮ್ಯಾನ್ ಅನ್ನೋ ವಿಡಿಯೋ ಗೇಮಿನ ಗುಂಡನೆಯ ಬೊಂಬೆಯ ತೆರೆದ ಬಾಯಿಯ ಹಾಗೆ ಒಬ್ಬರಿಗೆ ಜಾಗ ಬಿಟ್ಟಿರಬೇಕು, ಹೊಸಬರು ಬಂದು ಸೇರಲಿ ಅಂತ. ಬಿಟ್ಟೆವು. ಸೇರಿದರು. ಮತ್ತೆ ಬಿಟ್ಟೆವು. ಹನ್ನೊಂದು ಜನ ಆದೆವು.

ಹನ್ನೊಂದು ಜನ ಒಂದು ಹೋಟೆಲ್ ಒಪ್ಪಿಕೊಳ್ಳುವುದು ಸುಲಭ ಅಲ್ಲ. ಒಬ್ಬರು ಮಾಂಸ ತಿನ್ನಲ್ಲ, ಒಬ್ಬರಿಗೆ ಕಡಲೆಕಾಯಿ ಆಗಲ್ಲ, ಇನ್ನೊಬ್ಬರು "ನನಗೆ ಏನಾದ್ರೂ ಸರಿ" ಅಂದು ಹೇಳಿದ್ದಕ್ಕೆಲ್ಲ ಬೇಡ ಅಂದರು. ರೆಕ್ಕೆಯವರು ಎಂಟಕ್ಕೆ ವೇಷದ ಸ್ಪರ್ಧೆಯಲ್ಲಿದ್ದರು, ಏಳೂಕಾಲಿಗೆ ವೇದಿಕೆಯ ಹಿಂದೆ ಇರಬೇಕು. ಇಪ್ಪತ್ತೈದು ನಿಮಿಷ ಚರ್ಚೆ. ಕೊನೆಗೆ ಹೋದ ಕಡೆ "ಹನ್ನೊಂದು ಜನಕ್ಕೆ ಟೇಬಲ್ ಇಲ್ಲ" ಅಂದರು. ನಾಲ್ಕು, ನಾಲ್ಕು, ಮೂರು ಅಂತ ಹರಿದು ಹಂಚಿ ಕೂತೆವು. ಮೂರರ ಟೇಬಲ್ ನಮ್ಮದು. ನಾಲ್ಕನೇ ಕುರ್ಚಿ ರೆಕ್ಕೆಗೆ. ಕಳಚಿ ಮತ್ತೆ ಕಟ್ಟಲು ಅರ್ಧ ಗಂಟೆ ಬೇಕಂತೆ, ಅದಕ್ಕೇ ಕಳಚಲಿಲ್ಲ.

ಏನು ತಿಂದೆ ಅಂತ ನೆನಪಿಲ್ಲ. ಕಾಲದಲ್ಲಿ ಹಿಂದಕ್ಕೆ ಹೋದವನು ತನ್ನನ್ನೇ ಭೇಟಿಯಾದರೆ ಬಿಲ್ ಯಾರು ಕೊಡಬೇಕು ಅಂತ ಮೂರೂ ಟೇಬಲ್‌ಗಳ ನಡುವೆ ಕೂಗಾಡಿದ್ದು ಮಾತ್ರ ನೆನಪಿದೆ.

ಏಳು ಗಂಟೆಗೆ ಎದ್ದು, ಒಂದೊಂದು ರೆಕ್ಕೆ ಒಬ್ಬೊಬ್ಬರು ಹಿಡಿದುಕೊಂಡು ಓಡಿದೆವು. ಎಂಟಕ್ಕೆ ಆಕೆ ವೇದಿಕೆಗೆ ಬಂದಾಗ ಎಡರೆಕ್ಕೆಯ ತುದಿಯಲ್ಲಿ ಹೋಟೆಲಿನ ಕಾಗದದ ಕರವಸ್ತ್ರ ಸಿಕ್ಕಿಕೊಂಡು ಪಟಪಟ ಹಾರಾಡುತ್ತಿತ್ತು. ಎಲ್ಲರಿಗಿಂತ ಜಾಸ್ತಿ ಚಪ್ಪಾಳೆ ತಟ್ಟಿದ್ದು ನಾವು ಹತ್ತು ಜನ.